ಮನೆಗೂ ಶಾಲೆಗೂ ಸೇತುವೆಯಾದ ಮುಖ್ಯೋಪಾಧ್ಯಾಯ: ಲಿಯೊನಾರ್ಡ್ ಕೊವೆಲ್ಲೊ



ಬಿ.ಇಡ್. ಓದಿದವರಿಗೆಲ್ಲ ಶಾಲೆ ಮತ್ತು ಸಮುದಾಯ ಎಂಬ ಪಾಠ ಗೊತ್ತಿರುತ್ತದೆ. ನಾನೂ ಅದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿ, ಬರೆದು, ಮರೆತಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಮೊದಲ ಪೋಷಕರ ಸಭೆಯ ದಿನ ಅದು ಮತ್ತೆ ನೆನಪಿಗೆ ಬಂತು. ಏಳನೇ ತರಗತಿಯ ಒಬ್ಬ ಹುಡುಗ ತನ್ನ ಅಮ್ಮಿಯನ್ನು ಗೇಟಿನ ಹೊರಗೇ ನಿಲ್ಲಿಸಿ, ತಾನೊಬ್ಬನೇ ಒಳಗೆ ಬಂದು, ಮನೆಯವರಿಗೆ ಬಿಡುವಿಲ್ಲ ಎಂದುಬಿಟ್ಟ. ಅಮ್ಮಿಗೆ ಕನ್ನಡ ಸರಿಯಾಗಿ ಬಾರದು, ಜೊತೆಯ ಹುಡುಗರು ನಗುತ್ತಾರೆ ಎಂಬುದು ಅವನ ಅಂಜಿಕೆ. ಅವನ ತಪ್ಪೇನೂ ಇರಲಿಲ್ಲ. ಆ ಅಂಜಿಕೆಯನ್ನು ಅವನಿಗೆ ಕಲಿಸಿದವರು ಯಾರು ಎಂಬ ಪ್ರಶ್ನೆ ಮಾತ್ರ ನನ್ನಲ್ಲಿ ಉಳಿಯಿತು.

ಇದೇ ಪ್ರಶ್ನೆಯನ್ನು ಜೀವನವಿಡೀ ಹೊತ್ತು ನಡೆದ ಒಬ್ಬ ಮುಖ್ಯೋಪಾಧ್ಯಾಯರನ್ನು ಈ ಲೇಖನದಲ್ಲಿ ನಿಮಗೆ ಪರಿಚಯಿಸಬೇಕೆಂದಿದ್ದೇನೆ. ಅವರು ನಮ್ಮ ದೇಶದವರಲ್ಲ, ನಮ್ಮ ಮತದವರೂ ಅಲ್ಲ. ಇಟಲಿಯಲ್ಲಿ ಹುಟ್ಟಿ, ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ದುಡಿದು, ಶಿಕ್ಷಣ ಕ್ಷೇತ್ರದಲ್ಲಿ ಹೆಸರಾದ ಲಿಯೊನಾರ್ಡ್ ಕೊವೆಲ್ಲೊ. ಅವರ ಕಥೆ ಒಂದು ಸರ್ಕಾರಿ ಪ್ರೌಢಶಾಲೆಯ ಕಥೆಯೂ ಹೌದು. ಆ ಶಾಲೆಯ ಸುತ್ತಲಿನ ಜನ ಬದಲಾಗುತ್ತಲೇ ಹೋದರು. ಶಾಲೆ ಏನು ಮಾಡಬೇಕು ಎಂಬುದೇ ಅಲ್ಲಿ ದೊಡ್ಡ ಪ್ರಶ್ನೆಯಾಯಿತು.

ಬಾಲ್ಯ ಮತ್ತು ವಲಸೆ

ಕೊವೆಲ್ಲೊ ಅವರು ಹುಟ್ಟಿದ್ದು 1887ರ ನವೆಂಬರ್ 26ರಂದು, ದಕ್ಷಿಣ ಇಟಲಿಯ ಅವಿಲ್ಯಾನೊ ಎಂಬ ಬೆಟ್ಟದ ಮೇಲಿನ ಊರಿನಲ್ಲಿ. ಮನೆಯವರಿಟ್ಟ ಹೆಸರು ಲಿಯೊನಾರ್ಡೊ ಕೊವಿಯೆಲ್ಲೊ. ಆ ಕಾಲದಲ್ಲಿ ದಕ್ಷಿಣ ಇಟಲಿ ಬಡತನದಿಂದ ಕಂಗೆಟ್ಟಿತ್ತು. ಲಕ್ಷಾಂತರ ಜನ ಹಡಗು ಹತ್ತಿ ಅಮೆರಿಕಕ್ಕೆ ಹೋಗುತ್ತಿದ್ದರು. ಲಿಯೊನಾರ್ಡೊನ ತಂದೆಯೂ ಕೆಲವು ವರ್ಷ ಮೊದಲೇ ಹೋಗಿದ್ದರು. 1896ರಲ್ಲಿ ತಾಯಿ ಮಕ್ಕಳನ್ನು ಕರೆದುಕೊಂಡು ಅವರನ್ನು ಸೇರಿಕೊಂಡರು. ಆಗ ಹುಡುಗನಿಗೆ ಇನ್ನೂ ಒಂಬತ್ತು ತುಂಬಿರಲಿಲ್ಲ.

ಅವರು ನೆಲೆಸಿದ್ದು ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್ ಎಂಬ ಬಡಾವಣೆಯಲ್ಲಿ. ಈಸ್ಟ್ ನದಿಯ ಪಕ್ಕದ ಈ ಬಡಾವಣೆಯಲ್ಲಿ ಮೊದಲು ಜರ್ಮನರು, ಐರಿಷರು, ಯಹೂದಿಗಳು ವಾಸಿಸುತ್ತಿದ್ದರು. ಆಮೇಲೆ ಇಟಲಿಯವರು ಬಂದು ತುಂಬಿಕೊಂಡರು. ಮುಂದೆ ಇದು ಅಮೆರಿಕದಲ್ಲೇ ಅತಿ ದೊಡ್ಡ ಇಟಾಲಿಯನ್ ನೆಲೆ ಎನಿಸಿತು. ಸಾಲು ಸಾಲು ಬಾಡಿಗೆ ಕಟ್ಟಡಗಳು, ಗಾಳಿ ಬೆಳಕಿಲ್ಲದ ಕೋಣೆಗಳು, ಕೂಲಿ ಕೆಲಸ. ಬೀದಿಯಲ್ಲಿ ಮಾತ್ರ ಊರಿನದೇ ಭಾಷೆ, ಊರಿನದೇ ಹಬ್ಬ.

ಹೆಸರೇ ಬದಲಾಯಿತು

ಲಿಯೊನಾರ್ಡೊ ಮೊದಲು ಸೇರಿದ ಶಾಲೆಗೆ ಮಕ್ಕಳು ಸೂಪ್ ಶಾಲೆ ಎಂದು ಕರೆಯುತ್ತಿದ್ದರು. ಅಲ್ಲಿ ಮಧ್ಯಾಹ್ನ ಬಡಮಕ್ಕಳಿಗೆ ಸೂಪು ಕೊಡುತ್ತಿದ್ದರು. ಒಂದು ದಿನ ಹುಡುಗ ಪ್ರಗತಿ ಪತ್ರ ತಂದು ತಂದೆಯ ಕೈಗೆ ಕೊಟ್ಟ. ಅದರಲ್ಲಿ ಕೊವಿಯೆಲ್ಲೊ ಬದಲು ಕೊವೆಲ್ಲೊ ಎಂದಿತ್ತು. ಉಚ್ಚರಿಸಲು ಸುಲಭವಾಗಲಿ ಎಂದು ಶಿಕ್ಷಕಿಯೊಬ್ಬರು ಒಂದಕ್ಷರ ಬಿಟ್ಟಿದ್ದರು. ತಂದೆಗೆ ಸಿಟ್ಟು ಬಂತು, ತಾಯಿಗೆ ದುಃಖವಾಯಿತು. ಹೆಸರೆಂದರೆ ಮನೆತನದ ಮಾನ, ಅದನ್ನು ಯಾರೋ ಹೇಗೆ ತಿದ್ದುತ್ತಾರೆ ಎಂಬುದು ಅವರ ಸಂಕಟ. ಹುಡುಗನಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ಶಿಕ್ಷಕಿ ಮಾಡಿದ ಮೇಲೆ ಮುಗಿಯಿತು ಎಂದುಕೊಂಡ. ಹೊಸ ಹೆಸರೇ ಕೊನೆಯವರೆಗೂ ಉಳಿಯಿತು.

ವಿದ್ಯಾರ್ಥಿಗಳೇ, ಈ ಘಟನೆ ಚಿಕ್ಕದು. ಆದರೆ ಕೊವೆಲ್ಲೊ ಅವರು ಮುಂದೆ ಶಿಕ್ಷಕರಾದ ಮೇಲೆ ಇದನ್ನು ಮತ್ತೆ ಮತ್ತೆ ನೆನೆದರು. ಆ ಕಾಲದ ಶಾಲೆಗಳಲ್ಲಿ ಇಟಲಿಯ ಬಗ್ಗೆ, ಇಟಾಲಿಯನ್ ಭಾಷೆಯ ಬಗ್ಗೆ ಒಂದು ಮಾತೂ ಬರುತ್ತಿರಲಿಲ್ಲ. ಅದು ಕೀಳು ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಯಾರೂ ಹೇಳದೆಯೇ ಮಕ್ಕಳಿಗೆ ಅದು ಅರ್ಥವಾಯಿತು. ಮನೆಯಿಂದ ತಂದ ಊಟವನ್ನು ಮರೆಮಾಚಿದರು. ತಂದೆ ತಾಯಿ ಶಾಲೆಯ ಹತ್ತಿರ ಬಾರದಂತೆ ನೋಡಿಕೊಂಡರು. ಅಮೆರಿಕನ್ ಆಗುವುದೆಂದರೆ ಹೆತ್ತವರ ಬಗ್ಗೆ ನಾಚಿಕೆಪಡುವುದು ಎಂಬ ಪಾಠವನ್ನು ಕಲಿತೆವು ಎಂಬ ನೋವು ಅವರಿಗೆ ಕೊನೆಯತನಕ ಇತ್ತು.

ಓದು ಸುಲಭವಾಗಿರಲಿಲ್ಲ. ಹುಡುಗ ಬೆಳಗಿನ ಜಾವ ಎದ್ದು ಮನೆಮನೆಗೆ ಬ್ರೆಡ್ ಹಾಕಿ ಶಾಲೆಗೆ ಹೋಗುತ್ತಿದ್ದ. ತಾಯಿಯ ಕಾಯಿಲೆ, ಮನೆಯ ತಾಪತ್ರಯಗಳಿಂದ ಪ್ರೌಢಶಾಲೆಯನ್ನು ನಡುವೆ ಬಿಟ್ಟು ದುಡಿಯಬೇಕಾಯಿತು. ಯಾಕೆ ಬಿಡುತ್ತಿದ್ದೀಯ ಎಂದು ಶಾಲೆಯಲ್ಲಿ ಒಬ್ಬರೂ ಕೇಳಲಿಲ್ಲ ಎಂಬುದು ಅವರ ಮನಸ್ಸಿಗೆ ನಾಟಿತು. ಒಂದು ವರ್ಷದ ನಂತರ ಮರಳಿ ಬಂದು ಓದು ಮುಗಿಸಿದರು. ಪುಲಿಟ್ಜರ್ ವಿದ್ಯಾರ್ಥಿವೇತನ ದೊರೆತು ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿ 1911ರಲ್ಲಿ ಪದವಿ ಪಡೆದರು. ವಿದ್ಯಾರ್ಥಿವೇತನ ಒಂದು ಬಡ ಮನೆಗೆ ಏನು ಮಾಡಬಲ್ಲದು ಎಂಬುದಕ್ಕೆ ಇದೊಂದು ಉದಾಹರಣೆ. ವಿದ್ಯಾರ್ಥಿವೇತನ ಕೊಡುವ ನಮ್ಮಂಥ ಸಂಸ್ಥೆಗಳು ಇದನ್ನು ಗಮನಿಸಬೇಕು.

ಮಾತೃಭಾಷೆಗೆ ತರಗತಿಯಲ್ಲಿ ಜಾಗ

1911ರಲ್ಲೇ ಅವರು ಡಿವಿಟ್ ಕ್ಲಿಂಟನ್ ಪ್ರೌಢಶಾಲೆಯಲ್ಲಿ ಶಿಕ್ಷಕರಾದರು. ಕಲಿಸುತ್ತಿದ್ದುದು ಫ್ರೆಂಚ್ ಮತ್ತು ಸ್ಪ್ಯಾನಿಷ್. ತರಗತಿಯಲ್ಲಿ ಇಟಾಲಿಯನ್ ಮನೆಗಳ ಹುಡುಗರು ಬೇಕಾದಷ್ಟು ಇದ್ದರೂ ಇಟಾಲಿಯನ್ ಕಲಿಸುವ ವ್ಯವಸ್ಥೆ ಇರಲಿಲ್ಲ. 1914ರಲ್ಲಿ ಆ ಹುಡುಗರನ್ನು ಕೂಡಿಸಿ ಒಂದು ಇಟಾಲಿಯನ್ ಸಂಘ ಕಟ್ಟಿದರು. ನಾಟಕ, ಹಾಡು, ಚರ್ಚೆಗಳಾದವು. ಅದೇ ಸುಮಾರಿಗೆ ಅವರ ಪತ್ನಿ ಮೇರಿ ಮದುವೆಯಾದ ಸ್ವಲ್ಪ ಕಾಲದಲ್ಲೇ ತೀರಿಕೊಂಡರು. ಮೊದಲ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರಿ ಫ್ರಾನ್ಸಿಗೆ ಹೋಗಿ ಬಂದರು. ಹಿಂತಿರುಗಿ ಅದೇ ಶಾಲೆಯಲ್ಲಿ ಕೆಲಸ ಮುಂದುವರಿಸಿದರು.

ಇಟಾಲಿಯನ್ ಭಾಷೆಗೂ ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಭಾಷೆಗಳಿಗಿದ್ದ ಸ್ಥಾನ ದೊರೆಯಬೇಕೆಂದು ಅವರು ಗೆಳೆಯರೊಡನೆ ಹೋರಾಡಿದರು. ಇಲ್ಲಿ ಒಂದು ಸಂಗತಿ ನಮ್ಮ ಗಮನಕ್ಕೆ ಬರಬೇಕು. ವಿರೋಧ ಅಧಿಕಾರಿಗಳಿಂದ ಮಾತ್ರ ಬರಲಿಲ್ಲ, ಇಟಾಲಿಯನ್ ತಂದೆ ತಾಯಿಗಳಿಂದಲೂ ಬಂತು. ಮನೆಯಲ್ಲಿ ಆಡುವ ಭಾಷೆಯನ್ನು ಶಾಲೆಯಲ್ಲಿ ಕಲಿತು ಏನು ಪ್ರಯೋಜನ, ಕೆಲಸ ಸಿಗುವ ಭಾಷೆ ಕಲಿಯಲಿ ಎಂದು ಅವರ ವಾದ. ಈ ಮಾತನ್ನು ನೀವೂ ಕೇಳಿರುತ್ತೀರಿ. ಕೊವೆಲ್ಲೊ ಮತ್ತು ಸಂಗಡಿಗರು ಮನೆಮನೆಗೆ ಹೋಗಿ ತಿಳಿಹೇಳಿದರು. ಇಂಗ್ಲಿಷ್ ಬೇಡವೆಂದು ಅವರು ಎಂದೂ ಹೇಳಲಿಲ್ಲ. ಇಂಗ್ಲಿಷ್ ಚೆನ್ನಾಗಿ ಬರಲೇಬೇಕು, ಆದರೆ ಅದಕ್ಕಾಗಿ ಮನೆಯ ಭಾಷೆಯನ್ನು ಬಲಿ ಕೊಡಬೇಕಾಗಿಲ್ಲ ಎಂಬುದು ಅವರ ನಿಲುವು. 1922ರಲ್ಲಿ ನಗರದ ಶಿಕ್ಷಣ ಮಂಡಳಿ ಇಟಾಲಿಯನ್‌ಗೆ ಸಮಾನ ಸ್ಥಾನ ಕೊಟ್ಟಿತು. ಡಿವಿಟ್ ಕ್ಲಿಂಟನ್ ಶಾಲೆಯ ಇಟಾಲಿಯನ್ ವಿಭಾಗ ಅವರ ನೇತೃತ್ವದಲ್ಲಿ ಬೆಳೆಯಿತು.

ಬೆಂಜಮಿನ್ ಫ್ರಾಂಕ್ಲಿನ್ ಪ್ರೌಢಶಾಲೆ

ಇಷ್ಟಾದರೂ ಈಸ್ಟ್ ಹಾರ್ಲೆಮ್‌ನಲ್ಲಿ ಹುಡುಗರಿಗೆ ಒಂದು ಸಾಮಾನ್ಯ ಪ್ರೌಢಶಾಲೆ ಇರಲಿಲ್ಲ. ದೂರದ ಶಾಲೆಗಳಿಗೆ ಹೋಗಬೇಕಿತ್ತು. ಬಹಳ ಮಂದಿ ನಡುವೆ ಬಿಟ್ಟು ದುಡಿಮೆಗೆ ಇಳಿಯುತ್ತಿದ್ದರು. ಬಡವರ ಬಡಾವಣೆಗೆ ಕೈಕೆಲಸ ಕಲಿಸುವ ಶಾಲೆ ಸಾಕು ಎಂಬ ಅಭಿಪ್ರಾಯವೂ ಇತ್ತು. ಕೊವೆಲ್ಲೊ ಇದನ್ನು ಒಪ್ಪಲಿಲ್ಲ. ನಮ್ಮ ಮಕ್ಕಳೂ ಕಾಲೇಜಿಗೆ ಹೋಗುವ ಬಾಗಿಲು ತೆರೆದಿರಬೇಕು ಎಂದು ಬಡಾವಣೆಯ ಜನರ ಜೊತೆ ಸೇರಿ ಒತ್ತಾಯಿಸಿದರು. ಅವರ ಹಳೆಯ ವಿದ್ಯಾರ್ಥಿ ವಿಟೊ ಮಾರ್ಕಾಂಟೋನಿಯೊ ಜೊತೆಗೆ ನಿಂತರು. 1934ರ ಜನವರಿಯಲ್ಲಿ ನಗರದ ಮೇಯರ್ ಆದ ಲಾ ಗ್ವಾರ್ಡಿಯಾ ಕೂಡ ಇಟಾಲಿಯನ್ ಮೂಲದವರು. ಅವರ ಬೆಂಬಲವೂ ದೊರೆಯಿತು. ಅದೇ ವರ್ಷ ಬೆಂಜಮಿನ್ ಫ್ರಾಂಕ್ಲಿನ್ ಪ್ರೌಢಶಾಲೆ ಹಳೆಯ ಕಟ್ಟಡಗಳಲ್ಲಿ ಆರಂಭವಾಯಿತು. ಕೊವೆಲ್ಲೊ ಅದರ ಮುಖ್ಯೋಪಾಧ್ಯಾಯರಾದರು. ನ್ಯೂಯಾರ್ಕ್ ನಗರದ ಪ್ರೌಢಶಾಲೆಗಳಲ್ಲಿ ಇಟಾಲಿಯನ್ ಮೂಲದ ಮೊದಲ ಮುಖ್ಯೋಪಾಧ್ಯಾಯರು ಅವರೇ.

ಅವರ ಯೋಚನೆ ಸರಳ. ಮಗು ಶಾಲೆಯಲ್ಲಿರುವುದು ದಿನಕ್ಕೆ ಐದಾರು ಗಂಟೆ. ಉಳಿದ ಹೊತ್ತು ಮನೆಯಲ್ಲಿ, ಬೀದಿಯಲ್ಲಿ. ಮನೆಯನ್ನೂ ಬೀದಿಯನ್ನೂ ಬಿಟ್ಟು ಮಗುವಿಗೆ ಪಾಠ ಹೇಳಿದರೆ ಪಾಠ ನಿಲ್ಲುವುದಿಲ್ಲ. ಆದ್ದರಿಂದ ಶಾಲೆ ತನ್ನ ಬಡಾವಣೆಯನ್ನು ತಿಳಿಯಬೇಕು, ಅದರ ಕಷ್ಟಕ್ಕೆ ಹೆಗಲು ಕೊಡಬೇಕು.

ಇದಕ್ಕಾಗಿ ಅವರು ಏನೇನು ಮಾಡಿದರು ನೋಡಿ. ಮೊದಲನೆಯದಾಗಿ, ಬಡಾವಣೆಯ ಹಿರಿಯರು, ವ್ಯಾಪಾರಿಗಳು, ಧಾರ್ಮಿಕ ಮುಖಂಡರು, ಸಂಘಗಳವರು, ಶಿಕ್ಷಕರು ಕೂಡಿದ ಸಲಹಾ ಮಂಡಳಿ ರಚಿಸಿದರು. ಆರೋಗ್ಯ, ವಸತಿ, ಪೌರತ್ವ ಮುಂತಾದವಕ್ಕೆ ಬೇರೆ ಬೇರೆ ಸಮಿತಿಗಳಾದವು. ನಮ್ಮ ಸರ್ಕಾರಿ ಶಾಲೆಗಳ ಎಸ್‌ಡಿಎಂಸಿಯನ್ನು ಬಲ್ಲವರಿಗೆ ಇದು ಹೊಸದೆನಿಸಲಿಕ್ಕಿಲ್ಲ. ಆದರೆ ಇದು ನಡೆದದ್ದು 1930ರ ದಶಕದಲ್ಲಿ ಎಂಬುದನ್ನು ನೆನಪಿಡಿ.

ಎರಡನೆಯದಾಗಿ, ಶಾಲೆಯ ಬಾಗಿಲು ರಾತ್ರಿಯೂ ತೆರೆದಿರುತ್ತಿತ್ತು. ಹಗಲು ಮಕ್ಕಳು, ಸಂಜೆ ಅವರ ತಂದೆ ತಾಯಿಗಳು. ದೊಡ್ಡವರಿಗೆ ಇಂಗ್ಲಿಷ್ ತರಗತಿ, ಪೌರತ್ವದ ಅರ್ಜಿ ಬರೆಯಲು ನೆರವು.

ಮೂರನೆಯದು ನನಗೆ ಬಹಳ ಹಿಡಿಸಿದ್ದು. ಶಾಲೆಯ ದೊಡ್ಡ ಕಟ್ಟಡ ನೋಡಿಯೇ ಬಡ ತಾಯಂದಿರು ಹಿಂಜರಿಯುತ್ತಾರೆ ಎಂದು ಕೊವೆಲ್ಲೊ ಅವರಿಗೆ ಗೊತ್ತಿತ್ತು. ಅವರೇ ಒಬ್ಬ ಅಂಥ ತಾಯಿಯ ಮಗ. ಆದ್ದರಿಂದ ಶಾಲೆಯ ಹತ್ತಿರದ ಬೀದಿಗಳಲ್ಲಿ ಖಾಲಿ ಬಿದ್ದ ಅಂಗಡಿ ಮಳಿಗೆಗಳನ್ನು ಹಿಡಿದರು. ಹುಡುಗರು, ಪೋಷಕರು, ಶಿಕ್ಷಕರು ಸೇರಿ ಕಸ ಗುಡಿಸಿ, ಬಣ್ಣ ಬಳಿದು, ಕುರ್ಚಿ ಮೇಜು ಹೊಂದಿಸಿದರು. ಒಂದು ಮಳಿಗೆ ನೆರೆಹೊರೆಯವರ ಕೂಟವಾಯಿತು. ಇಟಾಲಿಯನ್ನರಿಗೊಂದು, ಸ್ಪ್ಯಾನಿಷ್ ಮಾತಿನವರಿಗೊಂದು ಶಿಕ್ಷಣ ಕಚೇರಿ ಬಂತು. ಶಾಲೆಯ ಗೇಟಿನೊಳಗೆ ಬಾರದ ತಾಯಿ ತರಕಾರಿ ಕೊಂಡು ಹೋಗುವಾಗ ಈ ಮಳಿಗೆಯೊಳಗೆ ಇಣುಕಬಹುದಿತ್ತು. ಕಸದ ಗುಡ್ಡೆಯಾಗಿದ್ದ ಒಂದು ಖಾಲಿ ನಿವೇಶನವನ್ನು ಹುಡುಗರು ತೆರವು ಮಾಡಿ ತೋಟ ಮಾಡಿದರು.

ಮುಖ್ಯೋಪಾಧ್ಯಾಯರ ಕೋಣೆಗೆ ಯಾರು ಬೇಕಾದರೂ ಬರಬಹುದಿತ್ತು. ಬಂದವರ ಜೊತೆ ಅವರು ಅವರವರ ಭಾಷೆಯಲ್ಲೇ ಮಾತಾಡುತ್ತಿದ್ದರು. ಹುಡುಗರು ಅವರನ್ನು ಪಾಪ್ ಎನ್ನುತ್ತಿದ್ದರು. ಅಂದರೆ ಅಪ್ಪ.

ಬಡಾವಣೆಯೇ ಪಾಠಪುಸ್ತಕ

ಪಾಠವೂ ಬಡಾವಣೆಯಿಂದಲೇ ಹೊರಟಿತು. ವಿದ್ಯಾರ್ಥಿಗಳು ಬೀದಿ ಬೀದಿ ಸುತ್ತಿ ಯಾವ ಮನೆಯಲ್ಲಿ ಎಷ್ಟು ಜನ, ಯಾವ ಭಾಷೆ, ಎಂಥ ವಸತಿ ಎಂದು ಮಾಹಿತಿ ಕೂಡಿಸಿ ನಕ್ಷೆ ಬರೆದರು. ಹಾಗೆ ಕೂಡಿಸಿದ್ದು ಫೈಲಿನಲ್ಲಿ ಮಲಗಲಿಲ್ಲ. ಒಳ್ಳೆಯ ವಸತಿ ಬೇಕೆಂಬ ಚಳವಳಿಗೆ ಅದು ಬಲ ಕೊಟ್ಟಿತು. ನದಿಯ ದಡದಲ್ಲಿ ಸರ್ಕಾರ ಕಟ್ಟಿಸಿದ ಈಸ್ಟ್ ರಿವರ್ ವಸತಿ ಸಮುಚ್ಚಯ 1941ರಲ್ಲಿ ತೆರೆಯಿತು. ಗಣಿತ, ಸಮಾಜ ವಿಜ್ಞಾನ, ಪೌರನೀತಿ ಯಾಕೆ ಓದಬೇಕೆಂದು ಆ ಹುಡುಗರಿಗೆ ಬೇರೆ ಹೇಳಬೇಕಾಗಲಿಲ್ಲ.

1942ರಲ್ಲಿ ಶಾಲೆಗೂ ಹೊಸ ಕಟ್ಟಡ ದೊರೆಯಿತು. ಪ್ಲೆಸೆಂಟ್ ಅವೆನ್ಯೂ ಎಂಬ ರಸ್ತೆಯಲ್ಲಿ, 114ನೇ ಬೀದಿಯಿಂದ 116ನೇ ಬೀದಿಯವರೆಗೆ, ಈಸ್ಟ್ ನದಿಗೆ ಎದುರಾಗಿ, ಎತ್ತರದ ಕಂಬಗಳ ಭವ್ಯ ಕಟ್ಟಡ. ಈ ಕೆಲಸಗಳ ನಡುವೆಯೇ ಅವರು ಇಟಾಲಿಯನ್ ಶಾಲಾಮಕ್ಕಳ ಸಾಮಾಜಿಕ ಹಿನ್ನೆಲೆ ಕುರಿತು ಸಂಶೋಧನೆ ಮಾಡಿ 1944ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ಆಗ ಅವರಿಗೆ ಐವತ್ತೇಳರ ಹತ್ತಿರ. ವಯಸ್ಸಾಯಿತು ಎಂದು ಓದು ನಿಲ್ಲಿಸುವ ಶಿಕ್ಷಕರು ಇದನ್ನು ಗಮನಿಸಬೇಕು. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

ಪರೀಕ್ಷೆಯ ಕಾಲ

ಶಾಲೆ ಚೆನ್ನಾಗಿದ್ದ ಮಾತ್ರಕ್ಕೆ ಜನರ ಮನಸ್ಸಿನ ದ್ವೇಷ ಹೋಗುವುದಿಲ್ಲ. ಪಶ್ಚಿಮದ ಹಾರ್ಲೆಮ್‌ನಿಂದ ಕಪ್ಪು ಜನಾಂಗದ ಹುಡುಗರೂ ಈ ಶಾಲೆಗೆ ಬರುತ್ತಿದ್ದರು. 1945ರ ಸೆಪ್ಟೆಂಬರ್ ಕೊನೆಯಲ್ಲಿ ಅವರಿಗೂ ಇಟಾಲಿಯನ್ ಹುಡುಗರಿಗೂ ಜಗಳವಾಯಿತು. ಅದು ಬೀದಿಗೂ ಹರಡಿತು. ಪತ್ರಿಕೆಗಳು ಜನಾಂಗ ಗಲಭೆ ಎಂದು ದೊಡ್ಡದಾಗಿ ಬರೆದವು. ಹತ್ತು ವರ್ಷಗಳ ಕೆಲಸ ಒಂದೇ ದಿನದಲ್ಲಿ ನೀರಿನಲ್ಲಿ ಹೋಮವಾಯಿತೇ ಎನ್ನುವ ಸ್ಥಿತಿ.

ಕೊವೆಲ್ಲೊ ಶಾಲೆಯನ್ನು ಮುಚ್ಚಿ ಕೂರಲಿಲ್ಲ, ಘಟನೆಯನ್ನು ಮುಚ್ಚಿಹಾಕಲೂ ಇಲ್ಲ. ವಿದ್ಯಾರ್ಥಿಗಳನ್ನು, ಪೋಷಕರನ್ನು, ಬಡಾವಣೆಯ ಮುಖಂಡರನ್ನು ಕೂಡಿಸಿ ಸಭೆಗಳನ್ನು ನಡೆಸಿದರು. ಅಕ್ಟೋಬರ್‌ನಲ್ಲಿ ಇಟಾಲಿಯನ್ನರು ಹೆಮ್ಮೆಯಿಂದ ಆಚರಿಸುವ ಕೊಲಂಬಸ್ ದಿನದ ಮೆರವಣಿಗೆ ಬಂತು. ಅದರಲ್ಲಿ ಫ್ರಾಂಕ್ಲಿನ್ ಶಾಲೆಯ ಬಿಳಿಯ ಮತ್ತು ಕಪ್ಪು ಹುಡುಗರು ಒಟ್ಟಾಗಿ ನಡೆದರು. ಆ ಕಾಲದ ಪ್ರಸಿದ್ಧ ಗಾಯಕ, ಇಟಾಲಿಯನ್ ಮೂಲದವರೇ ಆದ ಫ್ರಾಂಕ್ ಸಿನಾತ್ರಾ ಅದೇ ತಿಂಗಳು ಶಾಲೆಗೆ ಬಂದು ಜನಾಂಗದ್ವೇಷದ ವಿರುದ್ಧ ಹುಡುಗರ ಮುಂದೆ ಮಾತಾಡಿದರು. ಗಲಭೆ ಬೆಳೆಯಲಿಲ್ಲ. ಮೊದಲೇ ಕಟ್ಟಿಕೊಂಡಿದ್ದ ನಂಟು ಇಕ್ಕಟ್ಟಿನಲ್ಲಿ ಕೆಲಸಕ್ಕೆ ಬಂತು. ಬೆಂಕಿ ಬಿದ್ದ ಮೇಲೆ ಬಾವಿ ತೋಡಲು ಹೊರಟಿದ್ದರೆ ಇದು ಆಗುತ್ತಿರಲಿಲ್ಲ.

ಬದಲಾದ ಬಡಾವಣೆ

ಯುದ್ಧ ಮುಗಿದ ಮೇಲೆ ಪೋರ್ಟೊ ರಿಕೊ ದ್ವೀಪದಿಂದ ಜನ ದೊಡ್ಡ ಸಂಖ್ಯೆಯಲ್ಲಿ ಬಂದರು. ಅವರು 1917ರಿಂದಲೇ ಅಮೆರಿಕದ ಪ್ರಜೆಗಳು, ಆದರೆ ಮಾತು ಸ್ಪ್ಯಾನಿಷ್. ಇಟಾಲಿಯನ್ನರು ಒಂದೊಂದಾಗಿ ಹೊರ ಬಡಾವಣೆಗಳಿಗೆ ಹೋದರು. ಒಂದು ಕಾಲಕ್ಕೆ ತಾವು ಯಾವ ತಿರಸ್ಕಾರ ಉಂಡಿದ್ದರೋ ಅದನ್ನೇ ಕೆಲವರು ಹೊಸಬರಿಗೆ ಬಡಿಸತೊಡಗಿದರು. ಮನುಷ್ಯ ಸ್ವಭಾವ ಹೀಗೆಯೇ ಇರುತ್ತದೆ.

ಕೊವೆಲ್ಲೊ ಅವರ ದೊಡ್ಡತನ ಕಾಣುವುದು ಇಲ್ಲಿಯೇ. ತನ್ನ ಜನಕ್ಕಾಗಿ ಕಟ್ಟಿದ ಶಾಲೆ ಎಂದು ಅವರು ಬೇಲಿ ಹಾಕಲಿಲ್ಲ. ಲಿಯೊನಾರ್ಡೊಗೆ ಆದದ್ದೇ ಈಗ ಹೊಸ ಹುಡುಗರಿಗೆ ಆಗುತ್ತಿದೆ ಎಂದು ಕಂಡರು. ಆ ಹುಡುಗರಿಗೆ ಸಂಘ ಕಟ್ಟಿದರು, ಹೊಸದಾಗಿ ಬಂದವರಿಗೆ ಸ್ಪ್ಯಾನಿಷ್‌ನಲ್ಲಿ ಮಾರ್ಗದರ್ಶನ ಏರ್ಪಡಿಸಿದರು. ತಾವೇ ಪೋರ್ಟೊ ರಿಕೊಗೆ ಹೋಗಿ ಅಲ್ಲಿಯ ಶಾಲೆಗಳನ್ನು ನೋಡಿ ಬಂದರು. ತನ್ನವರಿಗೆ ಕೇಳಿದ ನ್ಯಾಯವನ್ನು ಇತರರಿಗೂ ಕೊಡುವವನೇ ನ್ಯಾಯವಂತ.

1956ರಲ್ಲಿ ನಿವೃತ್ತರಾದರು. ಮುಂದೆಯೂ ನ್ಯೂಯಾರ್ಕಿನ ಪೋರ್ಟೊ ರಿಕೊ ವಲಸಿಗರ ಕಚೇರಿಗೆ ಶಿಕ್ಷಣ ಸಲಹೆಗಾರರಾಗಿ ದುಡಿದರು. 1958ರಲ್ಲಿ ದಿ ಹಾರ್ಟ್ ಈಸ್ ದಿ ಟೀಚರ್ ಎಂಬ ಆತ್ಮಕಥೆ ಹೊರಬಂತು. 1972ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಸಿಸಿಲಿಗೆ ಹೋಗಿ ಬಡವರ ನಡುವೆ ಕೆಲಸ ಮಾಡುತ್ತಿದ್ದ ಡನಿಲೊ ಡೊಲ್ಚಿಯವರನ್ನು ಸೇರಿಕೊಂಡರು. 1982ರ ಆಗಸ್ಟ್‌ನಲ್ಲಿ, 94ನೇ ವಯಸ್ಸಿನಲ್ಲಿ, ಸಿಸಿಲಿಯ ಮೆಸ್ಸಿನಾದಲ್ಲಿ ನಿಧನರಾದರು.

ನಾವು ಕಲಿಯಬೇಕಾದದ್ದು

ಕಥೆ ಇಲ್ಲಿಗೆ ಮುಗಿದಿದ್ದರೆ ಓದಲು ಹಿತವಾಗಿರುತ್ತಿತ್ತು. ಆದರೆ ಶಿಕ್ಷಕಿಯಾಗಿ ನಾನು ಉಳಿದದ್ದನ್ನೂ ಹೇಳಬೇಕು. ಅವರು ತೀರಿಕೊಂಡ 1982ರಲ್ಲೇ ಬೆಂಜಮಿನ್ ಫ್ರಾಂಕ್ಲಿನ್ ಪ್ರೌಢಶಾಲೆಯೂ ಮುಚ್ಚಿತು. ಹಾಜರಾತಿ, ಫಲಿತಾಂಶ ಎರಡೂ ಕುಸಿದಿದ್ದವು. ಅದೇ ಕಟ್ಟಡದಲ್ಲಿ ವಿಜ್ಞಾನ ಮತ್ತು ಗಣಿತಕ್ಕೆ ಮೀಸಲಾದ ಬೇರೆ ಪ್ರೌಢಶಾಲೆ ಆರಂಭವಾಯಿತು.

ಹೀಗೇಕಾಯಿತು? ಕಾರಣಗಳು ಹಲವು. ಸಂಜೆ ತರಗತಿಗಳಿಗೂ ಬೀದಿಯ ಮಳಿಗೆಗಳಿಗೂ ಬೇಕಾದ ಬಹುಪಾಲು ಸಿಬ್ಬಂದಿ, ಆರ್ಥಿಕ ಕುಸಿತದ ಕಾಲದಲ್ಲಿ ನಿರುದ್ಯೋಗಿಗಳಿಗಾಗಿ ಅಮೆರಿಕ ಸರ್ಕಾರ 1935ರಲ್ಲಿ ಆರಂಭಿಸಿದ ಡಬ್ಲ್ಯು.ಪಿ.ಎ. ಯೋಜನೆಯಿಂದ ಬರುತ್ತಿತ್ತು. 1943ರಲ್ಲಿ ಆ ಯೋಜನೆ ನಿಂತಿತು. ಯುದ್ಧದ ನಂತರ ಹೊಸ ವಸತಿಗಾಗಿ ಹಳೆಯ ಬೀದಿಗಳನ್ನೇ ಕೆಡವಿದಾಗ ಜನ ಚದುರಿದರು. ಹುಡುಗರು ಬೇಡಿ ಪಡೆದ ಒಳ್ಳೆಯ ವಸತಿಯೇ ನೆರೆಹೊರೆಯ ನಂಟನ್ನು ಸಡಿಲಿಸಿತು ಎಂಬುದು ನೋವಿನ ಮಾತು. ಎಲ್ಲಕ್ಕಿಂತ ಮುಖ್ಯವಾಗಿ, ಕೆಲಸದ ಭಾರವೆಲ್ಲ ಒಬ್ಬ ವ್ಯಕ್ತಿಯ ಹೆಗಲ ಮೇಲಿತ್ತು. ಅವರು ಇಳಿದ ಮೇಲೆ ಅದೇ ಹುರುಪಿನಿಂದ ಹೊರುವವರು ಇರಲಿಲ್ಲ.

ಮಾನ್ಯ ಸದಸ್ಯರೇ, ಕಟ್ಟಡ ಕಟ್ಟುವುದು ಕಷ್ಟ, ನಾನು ಬಲ್ಲೆ. ಚಂದಾ ಎತ್ತಲು ನೀವು ಎಷ್ಟು ಮನೆ ಮೆಟ್ಟಿಲು ಹತ್ತಿದ್ದೀರಿ ಎಂಬುದನ್ನೂ ಬಲ್ಲೆ. ಆದರೆ ಆ ಪ್ಲೆಸೆಂಟ್ ಅವೆನ್ಯೂ ಕಟ್ಟಡ ಇಂದಿಗೂ ಗಟ್ಟಿಯಾಗಿ ನಿಂತಿದೆ, ಕೊವೆಲ್ಲೊ ಕಟ್ಟಿದ ಶಾಲೆ ಮಾತ್ರ ಇಲ್ಲ. ಕೆಲಸ ಒಬ್ಬರದಾಗದೆ ಹತ್ತು ಜನರದಾಗಲಿ. ಇಂದಿನವರು ನಾಳೆಯವರನ್ನು ತಯಾರು ಮಾಡಲಿ. ನಮ್ಮ ಬಡಾವಣೆಗಳಿಗೂ ಕೆಲಸ ಹುಡುಕಿ ಬೇರೆ ರಾಜ್ಯಗಳಿಂದ ಬಂದ ಕುಟುಂಬಗಳಿವೆ. ಅವರ ಮಕ್ಕಳಿಗೆ ನಮ್ಮ ಶಾಲೆಯ ಗೇಟು ಹೇಗೆ ಕಾಣುತ್ತದೆ ಎಂದು ಒಮ್ಮೆ ಯೋಚಿಸೋಣ.

ವಿದ್ಯಾರ್ಥಿಗಳೇ, ನಿಮಗೆ ಹೇಳುವುದು ಇಷ್ಟೇ. ಉರ್ದು ನಿಮ್ಮ ಮನೆಯದು, ಕನ್ನಡ ನಿಮ್ಮ ನಾಡಿನದು, ಇಂಗ್ಲಿಷ್ ನಿಮ್ಮ ಮುಂದಿನ ಓದಿಗೆ ಬೇಕಾದದ್ದು. ಒಂದನ್ನು ಕಲಿಯಲು ಇನ್ನೊಂದರ ಬಗ್ಗೆ ನಾಚಬೇಕಾಗಿಲ್ಲ. ಮುಂದಿನ ಪೋಷಕರ ಸಭೆಗೆ ನಿಮ್ಮ ಅಮ್ಮಿಯನ್ನು, ಅಬ್ಬಾರನ್ನು ಕೈ ಹಿಡಿದು ಒಳಗೆ ಕರೆತನ್ನಿ. ಅವರ ಮಾತು ನಮಗೆ ಅರ್ಥವಾಗದಿದ್ದರೆ ಅದು ನಮ್ಮ ಕೊರತೆ, ಅವರದಲ್ಲ. ನಾನು ಹೇಳಿದ ಆ ಏಳನೇ ತರಗತಿಯ ಹುಡುಗನ ಅಮ್ಮಿ ಈಗ ಪ್ರತಿ ಸಭೆಗೂ ಬರುತ್ತಾರೆ. ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಅವರನ್ನು ಮೊದಲ ಸಲ ಒಳಗೆ ಕರೆಯಲು ನಾನು ಗೇಟಿನವರೆಗೆ ನಡೆದಿದ್ದೆ, ಅಷ್ಟೇ.